ಸ್ಟೀರಿಂಗ್ ಸೀಲನ್ನು ತಿಂದದ್ದು ಯಾರು?

ನನ್ನ ಟ್ರ್ಯಾಕ್ಟರಿಗೆ ವಯಸ್ಸಾಗಿದೆ. ಬಣ್ಣ ಬಿಸಿಲಿಗೆ ಹಾರಿಹೋಗಿದೆ, ಬಾನೆಟ್ಟಿನ ಒಂದು ಕೊಕ್ಕೆ ಇಲ್ಲ, ಹಾರ್ನ್ ಮನಸ್ಸು ಬಂದರೆ ಕೂಗುತ್ತದೆ. ಆದರೆ ಕೀ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಳ್ಳುತ್ತದೆ. ಅಷ್ಟಿದ್ದರೆ ಸಾಕು, ಉಳಿದದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಸಹಿಸಲಾಗದೆ ಹೋದದ್ದು ಒಂದೇ: ಅದು ಪವರ್ ಸ್ಟೀರಿಂಗ್ ಆಯಿಲ್ ಕುಡಿಯುವ ಚಾಳಿ. ಎಲ್ಲಿಂದಲೋ ಸೋರುತ್ತಿತ್ತು.

"ಕಡಿಮೆ ಆದಾಗ ಒಂದಿಷ್ಟು ಸುರಿದ್ರೆ ಆಯ್ತಲ್ಲ ಅಣ್ಣಾ, ಅದನ್ನ ಯಾಕೆ ಬಿಚ್ತೀಯಾ?" ಎಂದು ತಮ್ಮ ಕೇಳಿದ. ಕೇಳುವುದೇನೋ ಸರಿ. ಆದರೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 3600 ಹನಿ. ಸುಮಾರು 20 ಹನಿಗೆ 1 ಮಿಲಿಲೀಟರ್ ಎಂದಿಟ್ಟುಕೊಂಡರೂ ಗಂಟೆಗೆ 180 ಮಿಲಿಲೀಟರ್ ಹೋಯಿತು. ಎಂಟು ಗಂಟೆ ಕೆಲಸಕ್ಕೆ ಒಂದೂವರೆ ಲೀಟರ್ ಹತ್ತಿರ. ಹಳೆ ಟ್ರ್ಯಾಕ್ಟರಿನ ಸ್ಟೀರಿಂಗ್ ಟ್ಯಾಂಕ್ ಚಿಕ್ಕದು, ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ. ಅಂದರೆ ಸಂಜೆಯೊಳಗೆ ಟ್ಯಾಂಕ್ ಖಾಲಿ. ಟ್ಯಾಂಕ್ ಖಾಲಿಯಾದರೆ ಪಂಪು ಗಾಳಿ ಎಳೆಯುತ್ತದೆ. ಗೇರ್ ಪಂಪಿಗೆ ತಾನು ತಳ್ಳುವ ಆಯಿಲೇ ಗ್ರೀಸ್ ಕೂಡ. ಅದಿಲ್ಲದೆ ತಿರುಗಿದರೆ ಒಳಗಿನ ಲೋಹ ಲೋಹವನ್ನೇ ಕೆರೆಯುತ್ತದೆ. ಒಂದು ಸೀಲಿನ, ಅಂದರೆ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಉಂಗುರದ, ಖರ್ಚು ಉಳಿಸಲು ಹೋಗಿ ಪಂಪನ್ನೇ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಜೊತೆಗೆ ಸೋರಿದ ಆಯಿಲು ಟೈರಿನ ರಬ್ಬರನ್ನು ಕೆಡಿಸುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಣ್ಣಿಗೂ ಸೇರುತ್ತದೆ. ತಮ್ಮನಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಅವನು ಎದ್ದು ಹೋಗಿದ್ದ.

ಈ ವ್ಯವಸ್ಥೆ ನೋಡಲು ಗೋಜಲು, ತಿಳಿದುಕೊಂಡರೆ ಸರಳ. ಎಂಜಿನ್ನಿನಿಂದ ತಿರುಗುವ ಒಂದು ಪಂಪು. ಅದರ ಹತ್ತಿರ ಒಂದು ಟ್ಯಾಂಕ್, ಒಳಗೊಂದು ಫಿಲ್ಟರ್. ಸ್ಟೀರಿಂಗ್ ಚಕ್ರದ ಕಂಬದ ಬುಡದಲ್ಲಿ ಆಯಿಲನ್ನು ಎಡಕ್ಕೋ ಬಲಕ್ಕೋ ಕಳಿಸುವ ಘಟಕ. ಇದನ್ನು ಎಲ್ಲರೂ ಆರ್ಬಿಟ್ರಾಲ್ ಅನ್ನುತ್ತಾರೆ. ಕೊನೆಯಲ್ಲಿ ಮುಂದಿನ ಆಕ್ಸಲ್ಲಿನ ಜೊತೆ ಮಲಗಿರುವ ಸಿಲಿಂಡರ್. ಎರಡೂ ಕಡೆಗೆ ತಳ್ಳಬಲ್ಲ ಸಿಲಿಂಡರ್ ಅದು, ಒಂದು ಕಡೆಯಿಂದ ಮಾತ್ರ ರಾಡ್ ಹೊರಗೆ ಬಂದಿರುತ್ತದೆ. ಇದಕ್ಕಿಂತ ಹಳೆಯ ಕೆಲವು ಗಾಡಿಗಳಲ್ಲಿ ಮಾಮೂಲಿ ಸ್ಟೀರಿಂಗ್ ಬಾಕ್ಸ್ ಇದ್ದೇ ಇರುತ್ತದೆ, ಆಯಿಲ್ ಅದಕ್ಕೆ ಕೈ ಜೋಡಿಸುತ್ತದೆ ಅಷ್ಟೆ. ನನ್ನದರಲ್ಲಿ ಚಕ್ರಕ್ಕೂ ಗಾಲಿಗೂ ನಡುವೆ ಕಬ್ಬಿಣದ ಸರಳಿನ ಸಂಬಂಧವೇ ಇಲ್ಲ, ಬರೀ ಆಯಿಲ್. ಹಾಗಾಗಿ ಇಲ್ಲಿ ಸೋರಿಕೆ ಅಂದರೆ ಗಲೀಜಿನ ಮಾತಷ್ಟೇ ಅಲ್ಲ. ಇಳಿಜಾರಿನಲ್ಲಿ ಲೋಡು ಎಳೆಯುತ್ತಿರುವಾಗ ಹೋಸ್ ಕಿತ್ತುಹೋದರೆ ಕೈಯಲ್ಲಿರುವ ಚಕ್ರ ಸುಮ್ನೆ ತಿರುಗುತ್ತಿರುತ್ತದೆ, ಗಾಲಿ ತನ್ನ ಪಾಡಿಗೆ ಹೋಗುತ್ತದೆ.

ಸಿಲಿಂಡರಿನ ಶಕ್ತಿ ಎಷ್ಟು ಅಂತ ಗೊತ್ತಾದರೆ ಸೀಲಿನ ಮೇಲೆ ಗೌರವ ಬರುತ್ತದೆ. ಒಳವ್ಯಾಸ 50 ಮಿಲಿಮೀಟರ್ ಇದ್ದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 19.6 ಚದರ ಸೆಂಟಿಮೀಟರ್. 100 ಬಾರ್ ಒತ್ತಡದಲ್ಲಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 100 ಕಿಲೋ ಒತ್ತಿದಾಗ, ಅದು ಹತ್ತಿರಹತ್ತಿರ 2 ಟನ್ ಬಲದಿಂದ ತಳ್ಳುತ್ತದೆ. ರಾಡ್ ಇರುವ ಕಡೆ ಜಾಗ ಕಡಿಮೆ, ಹಾಗಾಗಿ ಎಳೆಯುವಾಗ ಒಂದೂವರೆ ಟನ್ ಆಸುಪಾಸು. ಅಷ್ಟು ಒತ್ತಡವನ್ನು ಹೊರಗೆ ಬಿಡದೆ ತಡೆದು ನಿಂತಿರುವುದು ಬೆರಳಷ್ಟೂ ಅಗಲವಿಲ್ಲದ ಒಂದು ರಬ್ಬರ್ ಉಂಗುರ. ಬಳಕೆಗೆ ಬರುವಂಥ ಪವರ್ ಸ್ಟೀರಿಂಗ್ ಮಾಡಿದ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಅದನ್ನು ಕಾರಿಗೆ ಕೂರಿಸಿ ತೋರಿಸಿದ್ದರು. ಆದರೆ ಜನ ಕೊಳ್ಳುವ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಟ್ರ್ಯಾಕ್ಟರುಗಳಿಗೆ ಹರಡಿದ್ದು ಅದರ ನಂತರ. ಅದಕ್ಕೂ ಮುಂಚೆ ಭಾರದ ಗಾಡಿ ತಿರುಗಿಸುತ್ತಿದ್ದವರ ತೋಳು ನೆನೆಸಿಕೊಂಡರೆ ಆಯಿಲ್ ಸೋರಿದರೂ ಪರವಾಗಿಲ್ಲ ಅನಿಸುತ್ತದೆ.

ಸರಿ, ಎಲ್ಲಿ ಸೋರುತ್ತಿದೆ?

ಹನಿ ಬೀಳುವ ಜಾಗ ನೋಡಿ ತೀರ್ಮಾನ ಮಾಡಬಾರದು. ಆಯಿಲ್ ಕೆಳಗೆ ಹರಿಯುತ್ತದೆ, ರೇಡಿಯೇಟರ್ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಬೀಸುತ್ತದೆ, ಹೋಸಿನ ಮೇಲೆ ಜಾರಿಕೊಂಡು ಅದು ಒಂದು ಮೊಳ ದೂರ ಹೋಗಿ ತೊಟ್ಟಿಕ್ಕುತ್ತದೆ. ನನ್ನ ಗಾಡಿಯಲ್ಲಿ ಹನಿ ಬೀಳುತ್ತಿದ್ದದ್ದು ಆಕ್ಸಲ್ಲಿನ ನಡುವಿನಿಂದ. ಮೇಲೆ ಎಲ್ಲಿ ನೋಡಿದರೂ ಆಯಿಲು, ಧೂಳು ಸೇರಿ ಕಪ್ಪು ಪಾಕ. ಇಂಥ ಸ್ಥಿತಿಯಲ್ಲಿ ಯಾವ ಮೆಕ್ಯಾನಿಕ್ ಬಂದು "ಇದೇ ಸೀಲ್ ಹೋಗಿದೆ" ಅಂದರೂ ನಾನು ನಂಬುವುದಿಲ್ಲ. ಅದು ಬರೀ ಊಹೆ.

ಮೊದಲು ತೊಳೆಯಬೇಕು. ಸೀಮೆಎಣ್ಣೆ, ಹಳೆ ಬ್ರಷ್, ಮೊಂಡು ಚಾಕು. ಗಟ್ಟಿಯಾದ ಪಾಕವನ್ನು ಕೆರೆದು, ಬ್ರಷ್ ಹಾಕಿ ಉಜ್ಜಿ, ಆಮೇಲೆ ಸೋಪಿನ ನೀರು. ಪೂರ್ತಿ ಒಣಗಿದ ಮೇಲೆ ಅನುಮಾನ ಇರುವ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿದೆ. ಪಂಪಿನ ಸುತ್ತ, ಟ್ಯಾಂಕಿನ ಬುಡ, ಹೋಸಿನ ಎರಡೂ ತುದಿ, ಆರ್ಬಿಟ್ರಾಲ್, ಸಿಲಿಂಡರಿನ ಮೂತಿ. ಟ್ರ್ಯಾಕ್ಟರ್ ಮದುಮಗನ ಹಾಗೆ ಘಮಘಮ ಅನ್ನುತ್ತಿತ್ತು. ಎಂಜಿನ್ ಚಾಲೂ ಮಾಡಿ ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸಲು ಹೇಳಿದೆ. ಬಿಳಿ ಪುಡಿಯ ಮೇಲೆ ಆಯಿಲ್ ಬಂದರೆ ಅಲ್ಲಿ ಒದ್ದೆ ಕಲೆ ಏಳುತ್ತದೆ. ಮೊದಲು ಏಳುವ ಕಲೆ, ಎಲ್ಲಕ್ಕಿಂತ ಮೇಲಿರುವ ಕಲೆ, ಎಲ್ಲಕ್ಕಿಂತ ಮುಂದಿರುವ ಕಲೆ. ಹುಡುಕಬೇಕಾದ್ದು ಇದನ್ನು.

ಇಲ್ಲಿ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಎಂಜಿನ್ ಓಡುವಾಗ ಹೋಸಿನ ಮೇಲೆ ಕೈಯಾಡಿಸಿ ಸೋರಿಕೆ ಹುಡುಕಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಕಣ್ಣಿಗೆ ಕಾಣುವುದಿಲ್ಲ, ಚರ್ಮವನ್ನು ಮಾತ್ರ ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಸಣ್ಣ ಚುಕ್ಕೆ, ಮೊದಲಿಗೆ ನೋವೂ ಜಾಸ್ತಿ ಇರುವುದಿಲ್ಲ. ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಬೆರಳು ಕತ್ತರಿಸಬೇಕಾಗಿ ಬಂದ ಸಂದರ್ಭಗಳಿವೆ. ಹಾಗೇನಾದರೂ ಆದರೆ ಮುಲಾಮು ಹಚ್ಚಿಕೊಂಡು ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಮತ್ತು "ಹೈಡ್ರಾಲಿಕ್ ಆಯಿಲ್ ಚರ್ಮದೊಳಗೆ ನುಗ್ಗಿದೆ" ಅಂತ ಬಾಯಿಬಿಟ್ಟು ಹೇಳಬೇಕು. ನೋಡಲೇಬೇಕಿದ್ದರೆ ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿಯಿರಿ. ರಟ್ಟು ಒದ್ದೆಯಾದರೆ ಉತ್ತರ ಸಿಕ್ಕಿತು.

ಇನ್ನೊಂದು ಕಡೆಯೂ ನೋಡಬೇಕು, ಹೆಚ್ಚಿನವರು ನೋಡುವುದಿಲ್ಲ. ಪಂಪು ಎಂಜಿನ್ನಿನೊಳಗಿನ ಟೈಮಿಂಗ್ ಗೇರಿನಿಂದ ತಿರುಗುವಂಥದ್ದಾದರೆ ಅದರ ಶಾಫ್ಟ್ ಸೀಲ್ ಹೋದಾಗ ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಸ್ಟೀರಿಂಗ್ ಆಯಿಲು ಸೀದಾ ಎಂಜಿನ್ನಿನೊಳಗೆ ಇಳಿಯುತ್ತದೆ. ಟ್ಯಾಂಕಿನಲ್ಲಿ ಕಡಿಮೆಯಾಗುತ್ತಿದೆ, ನೆಲ ಮಾತ್ರ ಒಣಗಿದೆ ಅಂದರೆ ಎಂಜಿನ್ ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಮಟ್ಟ ಏರಿದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಅದನ್ನು ಹಾಗೇ ಬಿಟ್ಟರೆ ಎಂಜಿನ್ ಆಯಿಲ್ ತೆಳುವಾಗಿ ಬೇರಿಂಗುಗಳು ಹೋಗುತ್ತವೆ. ನನ್ನದರಲ್ಲಿ ಎಂಜಿನ್ ಮಟ್ಟ ಸರಿಯಿತ್ತು. ನೆಮ್ಮದಿ.

ಪೌಡರ್ ತೋರಿಸಿದ್ದು ಎರಡು ಜಾಗ. ದೊಡ್ಡದು ಸಿಲಿಂಡರಿನ ಮೂತಿ, ರಾಡ್ ಹೊರಬರುವ ಕಡೆ. ಬಲಕ್ಕೆ ತಿರುಗಿಸಿದಾಗಲೆಲ್ಲ ರಾಡಿನ ಸುತ್ತ ಆಯಿಲಿನ ಉಂಗುರ ಕಟ್ಟಿ ಹನಿಯಾಗುತ್ತಿತ್ತು. ಚಿಕ್ಕದು ಅದೇ ಸಿಲಿಂಡರಿನ ಒಂದು ಬ್ಯಾಂಜೊ ಬೋಲ್ಟಿನ, ಅಂದರೆ ಹೋಸನ್ನು ಸಿಲಿಂಡರಿಗೆ ಸೇರಿಸುವ ಟೊಳ್ಳು ಬೋಲ್ಟಿನ, ತಾಮ್ರದ ವಾಷರ್.

ಈಗ ಸೀಲ್ ಕಿಟ್ ತಂದು ಹಾಕಿಬಿಡಬಹುದು, ಅಲ್ವಾ? ಹಾಕಬಹುದು. ಸ್ವಲ್ಪ ದಿನ ನಿಲ್ಲುತ್ತದೆ ಕೂಡ. ಆದರೆ ಸೀಲ್ ಹಾಗೆ ಸುಮ್ಮಸುಮ್ಮನೆ ಸಾಯುವುದಿಲ್ಲ. ಹಳೆಯದಾಗಿ ಗಟ್ಟಿಯಾದರೆ ಸಾಯುತ್ತದೆ, ಅದು ಸಹಜ. ಇಲ್ಲದಿದ್ದರೆ ಅದನ್ನು ಯಾರೋ ಕೊಲ್ಲುತ್ತಿರುತ್ತಾರೆ. ಹಾಗಾಗಿ ಚಕ್ರವನ್ನು ಪೂರ್ತಿ ತಿರುಗಿಸಿ ರಾಡನ್ನು ಹೊರಗೆ ತೆಗೆದು, ಬಟ್ಟೆಯಿಂದ ಒರೆಸಿ, ಉಗುರಿನಿಂದ ಸವರಿದೆ. ಎಂಜಿನ್ ಆಫ್ ಮಾಡಿಯೇ, ಮತ್ತೆ. ಕೆಳಮೈ ನುಣುಪು. ಮೇಲುಗಡೆ ಉಗುರು ಟಕ್ ಟಕ್ ಅಂತ ಸಿಕ್ಕಿಕೊಂಡಿತು. ಸಾಸಿವೆಗಿಂತ ಚಿಕ್ಕ ತುಕ್ಕಿನ ಗುಳಿಗಳು, ಒಂದು ಗೇಣಿಗಿಂತ ಕಡಿಮೆ ಉದ್ದದಲ್ಲಿ, ಎಲ್ಲವೂ ರಾಡಿನ ಮೇಲುಗಡೆ ಮಾತ್ರ.

ಈ ಗುಳಿಗಳನ್ನು ನೋಡಿದರೆ ಟ್ರ್ಯಾಕ್ಟರಿನ ಹಿಂದಿನ ಕಥೆಯನ್ನು ಓದಬಹುದು. ನನ್ನ ಕೈಗೆ ಬರುವ ಮುಂಚೆ ಅದು ಬಹಳ ಕಾಲ ಬಯಲಲ್ಲಿ ನಿಂತಿತ್ತು, ಗಾಲಿಗಳು ಒಂದು ಕಡೆಗೆ ಪೂರ್ತಿ ತಿರುಗಿದ ಸ್ಥಿತಿಯಲ್ಲಿ. ಅಂದರೆ ರಾಡ್ ಪೂರ್ತಿ ಹೊರಗೆ. ರಾಡಿನ ಮೇಲಿನ ಕ್ರೋಮ್ ಲೇಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ದಪ್ಪ, ಸುಮಾರು 20 ಮೈಕ್ರಾನ್. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಕೆಲಸ ಮಾಡುವ ಗಾಡಿಯಲ್ಲಿ ತೆಳು ಆಯಿಲ್ ಪೊರೆ ರಾಡನ್ನು ಕಾಪಾಡುತ್ತದೆ. ನಿಂತ ಗಾಡಿಯಲ್ಲಿ ಆ ಪೊರೆ ಆರಿಹೋಗುತ್ತದೆ, ಮೇಲುಗಡೆ ನೀರು ನಿಲ್ಲುತ್ತದೆ, ಬಿರುಕಿನಿಂದ ಒಳಗಿಳಿದು ಕೆಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಕ್ರೋಮಿನ ಚಕ್ಕೆ ಎದ್ದು ಹಾರುತ್ತದೆ. ಉಳಿಯುವುದು ಅಂಚು ಚೂಪಾದ ಗುಳಿ. ಪ್ರತಿ ಸಲ ಚಕ್ರ ತಿರುಗಿಸಿದಾಗಲೂ ಸೀಲಿನ ತೆಳು ತುಟಿ ಆ ಅಂಚಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಹೊಸ ಸೀಲ್ ಹಾಕಿದರೆ ಅದಕ್ಕೂ ಇದೇ ಗತಿ.

ಬಿಚ್ಚುವ ಕೆಲಸಕ್ಕೆ ಬರೋಣ. ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ಲನ್ನು ಜಾಕ್ ಹಾಕಿ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಎಂಜಿನ್ ಆರಿಸಿದ ಮೇಲೆ ಚಕ್ರವನ್ನು ಎರಡೂ ಕಡೆ ಅಲ್ಲಾಡಿಸಿ ಉಳಿದ ಒತ್ತಡ ಇಳಿಸಿದೆ. ಎರಡು ಹೋಸುಗಳಲ್ಲಿ ಒಂದಕ್ಕೆ ಬಿಳಿ ಬಣ್ಣ ಹಚ್ಚಿದೆ, ಅದು ಕೂರುವ ಬಾಯಿಗೂ ಅದೇ ಬಣ್ಣ. ಹೋಸು ಅದಲುಬದಲಾದರೆ ಎಡಕ್ಕೆ ತಿರುಗಿಸಿದಾಗ ಗಾಲಿ ಬಲಕ್ಕೆ ಹೋಗುತ್ತದೆ! ಬಿಚ್ಚಿದ ಕೂಡಲೇ ಹೋಸಿನ ಬಾಯಿಗಳಿಗೆ ಶುದ್ಧವಾದ ಪ್ಲಾಸ್ಟಿಕ್ ಮುಚ್ಚಳ. ಒಂದು ಚಿಟಿಕೆ ಮಣ್ಣು ಆರ್ಬಿಟ್ರಾಲಿನೊಳಗೆ ಹೋದರೆ ಅದು ಮಾಡುವ ಅನಾಹುತ ಈ ಸೋರಿಕೆಗಿಂತ ದೊಡ್ಡದು.

ರಾಡಿನ ತುದಿಯನ್ನು ಗಾಲಿ ತಿರುಗಿಸುವ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್, ತುದಿ ಸಣ್ಣಗಾದ ಮೊಳೆಯ ಹಾಗೆ ಆ ತೋಳಿನ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಸ್ಪ್ಲಿಟ್ ಪಿನ್ ತೆಗೆದು, ನಟ್ಟು ಸಡಿಲಿಸಿ, ಕೆಳಗಿನಿಂದ ನಟ್ಟಿನ ತಲೆಗೆ ಬಡಿಯುವುದು ಎಲ್ಲರ ಅಭ್ಯಾಸ. ಥ್ರೆಡ್ ಹಾಳಾಗುತ್ತದೆಯೇ ಹೊರತು ಜಾಯಿಂಟ್ ಬರುವುದಿಲ್ಲ. ಇದಕ್ಕೆ ಎರಡು ಸುತ್ತಿಗೆ ಬೇಕು. ನಟ್ಟನ್ನು ಕೆಲವು ಸುತ್ತು ಬಿಟ್ಟು ಉಳಿಸಿ, ತೂತಿರುವ ತೋಳಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿಯಬೇಕು. ಎದುರು ಪಕ್ಕಕ್ಕೆ ಇನ್ನೊಂದರಿಂದ ಜೋರಾಗಿ ಹೊಡೆಯಬೇಕು. ತೂತು ಒಂದು ಕ್ಷಣ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಮೊಳೆ ಟಕ್ಕನೆ ಬಿಟ್ಟುಕೊಳ್ಳುತ್ತದೆ. ಫೋರ್ಕ್ ತೂರಿಸಿ ಎಬ್ಬಿಸುವವರು ಜಾಯಿಂಟಿನ ರಬ್ಬರ್ ಟೋಪಿ ಹರಿಯುತ್ತಾರೆ, ಆಮೇಲೆ ಅದಕ್ಕೂ ಬೇರೆ ಕೆಲಸ.

ಸಿಲಿಂಡರ್ ಮೇಜಿನ ಮೇಲೆ ಬಂದಿತು. ಮೂತಿಯಲ್ಲಿ ಸೀಲುಗಳನ್ನು ಒಳಗಿಟ್ಟುಕೊಂಡು ಬಾಯಿ ಮುಚ್ಚುವ ಗ್ಲ್ಯಾಂಡ್ ನಟ್ಟಿಗೆ ಎರಡು ತೂತುಗಳಿದ್ದವು. ಅದಕ್ಕೆ ಪಿನ್ ಇರುವ ಸ್ಪ್ಯಾನರ್ರೇ ಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ ಹಳೆ ಗಾಯಗಳು ಅದರ ಮೇಲೆ ಕಾಣಿಸುತ್ತಿದ್ದವು, ಅಂದರೆ ಯಾರೋ ಮುಂಚೆಯೂ ಇದನ್ನು ಬಿಚ್ಚಿದ್ದಾರೆ. ಒಳಗೆ ಸಿಕ್ಕಿದ ಸೀಲ್ ಇನ್ನೂ ಮೆತ್ತಗಿತ್ತು. ವಯಸ್ಸಿನಿಂದ ಸತ್ತದ್ದಲ್ಲ. ತುಟಿಯ ಒಂದೇ ಕಡೆ, ಸರಿಯಾಗಿ ರಾಡಿನ ಮೇಲುಗಡೆ ಉಜ್ಜುವ ಜಾಗದಲ್ಲಿ, ಚಿಂದಿಯಾಗಿತ್ತು. ನನ್ನ ಅನುಮಾನ ಖಾತ್ರಿಯಾಯಿತು. ಹಿಂದೆ ಯಾರೋ ಹೊಸ ಸೀಲ್ ಹಾಕಿ, ರಾಡನ್ನು ಹಾಗೇ ಬಿಟ್ಟು, ಗಾಡಿ ಸಾಗಹಾಕಿದ್ದಾರೆ.

ತೆಗೆದ ಪ್ರತಿಯೊಂದು ಉಂಗುರವನ್ನೂ ಬಂದ ಕ್ರಮದಲ್ಲೇ ಹಳೆ ಪೇಪರಿನ ಮೇಲೆ ಇಟ್ಟು, ತುಟಿ ಯಾವ ಕಡೆಗಿತ್ತು ಎಂದು ಬಾಣದ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದೆ. ಹೊರಗಿನಿಂದ ಮೊದಲು ಡಸ್ಟ್ ಸೀಲ್, ಅದರ ತುಟಿ ಹೊರಗೆ. ಅದರ ಹಿಂದೆ ಮುಖ್ಯವಾದ ಯು ಆಕಾರದ ಸೀಲ್, ಅದರ ಬಾಯಿ ಒಳಗೆ, ಒತ್ತಡದ ಕಡೆಗೆ. ಒತ್ತಡ ಆ ಬಾಯಿಯನ್ನು ಅಗಲಿಸಿ ತುಟಿಯನ್ನು ರಾಡಿಗೆ ಒತ್ತಿ ಹಿಡಿಯುತ್ತದೆ, ಹಾಗಾಗಿ ಒತ್ತಡ ಜಾಸ್ತಿಯಾದಷ್ಟೂ ಹಿಡಿತ ಬಿಗಿ. ಇದನ್ನು ತಿರುಗಾಮುರುಗಾ ಹಾಕಿದರೆ ಎಷ್ಟು ಒಳ್ಳೆಯ ಸೀಲಾದರೂ ಮೊದಲ ತಿರುವಿಗೇ ಸೋರುತ್ತದೆ. ಗ್ಲ್ಯಾಂಡಿನ ಹೊರಮೈಗೆ ಒಂದು ಓ ರಿಂಗ್. ಪಿಸ್ಟನ್ನಿಗೆ ಬೇರೆ ಸೀಲುಗಳು. ಪಿಸ್ಟನ್ ಸೀಲ್ ಹೋದರೆ ಹೊರಗೆ ಏನೂ ಸೋರುವುದಿಲ್ಲ, ಒಳಗೊಳಗೇ ಆಯಿಲ್ ಆ ಕಡೆಯಿಂದ ಈ ಕಡೆ ದಾಟುತ್ತದೆ. ಆಗ ಚಕ್ರ ಹಿಡಿದೇ ಇದ್ದರೂ ಗಾಡಿ ನಿಧಾನವಾಗಿ ಒಂದು ಕಡೆಗೆ ವಾಲುತ್ತದೆ.

ಸೀಲ್ ಕೊಳ್ಳುವ ಮುಂಚೆ ವರ್ನಿಯರ್ ಹಿಡಿದು ಅಳೆಯಲೇಬೇಕು. ಹಳೆ ಟ್ರ್ಯಾಕ್ಟರುಗಳಲ್ಲಿ ಇಂಚು ಮತ್ತು ಮಿಲಿಮೀಟರ್ ಎರಡೂ ಬೆರೆತಿರುತ್ತವೆ. ನನ್ನ ರಾಡ್ 1 ಇಂಚು, ಅಂದರೆ 25.4 ಮಿಲಿಮೀಟರ್. ಅಂಗಡಿಯವರು "25 ಎಂಎಂ ಸೀಲ್ ಇದೆ, ಕೂತ್ಕೊಳ್ಳುತ್ತೆ ತಗೊಳ್ಳಿ" ಅನ್ನುತ್ತಾರೆ. ಕೂತೂ ಕೊಳ್ಳುತ್ತದೆ. ಆದರೆ 0.4 ಮಿಲಿಮೀಟರ್ ಬಿಗಿಯಾಗಿ ಕೂತ ತುಟಿ ಬಿಸಿಯಾಗಿ ಬೇಗ ಸವೆಯುತ್ತದೆ. ಮಿಲಿಮೀಟರಿನ ರಾಡಿಗೆ ಇಂಚಿನ ಸೀಲ್ ಹಾಕಿದರೆ ಹಿಡಿತವೇ ಸಾಲದು. ಒಳವ್ಯಾಸ, ಹೊರವ್ಯಾಸ, ಎತ್ತರ ಈ ಮೂರನ್ನೂ ಸೀಲಿನಿಂದ ಅಳೆಯಬೇಡಿ, ಅದು ಹಿಗ್ಗಿಯೋ ಸವೆದೋ ಇರುತ್ತದೆ. ರಾಡನ್ನು, ಗ್ಲ್ಯಾಂಡಿನೊಳಗಿನ ಕಾಲುವೆಯನ್ನು ಅಳೆಯಿರಿ.

ರಾಡಿನ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಬೇಕಾಯಿತು. ಸಣ್ಣ ಗೀರಾಗಿದ್ದರೆ 600, ಆಮೇಲೆ 1000 ನಂಬರಿನ ಎಮರಿ ಪೇಪರಿಗೆ ಆಯಿಲ್ ಹಚ್ಚಿ, ರಾಡಿನ ಸುತ್ತಲೂ ಸುತ್ತಿದ ಹಾಗೆ ಉಜ್ಜಿದರೆ ಸಾಕು. ಉದ್ದುದ್ದಕ್ಕೆ ಉಜ್ಜಬಾರದು, ಉದ್ದದ ಗೆರೆ ಅಂದರೆ ಆಯಿಲಿಗೆ ನಾವೇ ತೋಡಿಕೊಟ್ಟ ಕಾಲುವೆ. ಗುಳಿ ಬಿದ್ದಿದ್ದರೆ ಅಂಚನ್ನು ಎಣ್ಣೆಕಲ್ಲಿನಿಂದ ಮೊಂಡು ಮಾಡಿ, ಲೋಹದ ಪುಡಿ ಬೆರೆತ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ತಿಕ್ಕಿ ಸಮ ಮಾಡುವವರಿದ್ದಾರೆ. ಒಂದೆರಡು ಗುಳಿಗಾದರೆ ನಾನೂ ಅದನ್ನೇ ಮಾಡುತ್ತಿದ್ದೆ. ಇದು ಸಿಡುಬಿನ ಮುಖ, ತೇಪೆಗೆ ಮೀರಿದ್ದು. ಉಳಿದದ್ದು ಎರಡು ದಾರಿ. ಹಳೆ ಕ್ರೋಮ್ ತೆಗೆಸಿ, ಗ್ರೈಂಡ್ ಮಾಡಿಸಿ, ಮತ್ತೆ ಗಟ್ಟಿ ಕ್ರೋಮ್ ಹಾಕಿಸುವುದು ಒಂದು. ಕ್ರೋಮ್ ಹಾಕಿಯೇ ಸಿಗುವ ಸರಳು ತಂದು ಲೇತಿನಲ್ಲಿ ಹೊಸ ರಾಡ್ ಮಾಡಿಸುವುದು ಇನ್ನೊಂದು.

ಎರಡನೆಯದನ್ನು ಆರಿಸಿಕೊಂಡೆ. ಕಾರಣ ಸರಳ. ರಾಡ್ ಚಿಕ್ಕದು, ಆಕಾರದಲ್ಲಿ ಕಷ್ಟದ್ದೇನಿಲ್ಲ. ಒಂದು ತುದಿಗೆ ಪಿಸ್ಟನ್ ಕೂರುವ ಮೆಟ್ಟಿಲು ಮತ್ತು ಥ್ರೆಡ್, ಇನ್ನೊಂದಕ್ಕೆ ಬಾಲ್ ಜಾಯಿಂಟಿನ ಥ್ರೆಡ್. 1 ಇಂಚಿನ ಸರಳೇ ಬೇಕು ಎಂದು ಹಠ ಹಿಡಿದು ತರಿಸಿದೆ, 25 ಮಿಲಿಮೀಟರಿನದಕ್ಕೆ ಗ್ಲ್ಯಾಂಡು ಸಡಿಲವಾಗುತ್ತಿತ್ತು. ಲೇತಿನವರು ಥ್ರೆಡ್ ಬರುವ ಕಡೆ ಮೊದಲು ಕ್ರೋಮನ್ನು ಗ್ರೈಂಡ್ ಮಾಡಿ ತೆಗೆದು ಆಮೇಲೆ ಕತ್ತರಿಸಿದರು, ಇಲ್ಲದಿದ್ದರೆ ಟೂಲಿನ ಬಾಯಿ ಹೋಗುತ್ತದೆ. ನಿಮ್ಮ ಸಿಲಿಂಡರಿನಲ್ಲಿ ರಾಡಿಗೆ ಕಣ್ಣು ವೆಲ್ಡ್ ಮಾಡಿದ್ದರೆ ಅಲ್ಲೂ ಕ್ರೋಮ್ ಪೂರ್ತಿ ತೆಗೆಸಿಯೇ ವೆಲ್ಡಿಂಗ್ ಮಾಡಿಸಿ. ಕ್ರೋಮಿನ ಮೇಲೆ ವೆಲ್ಡ್ ಮಾಡಿದರೆ ಏಳುವ ಹೊಗೆ ವಿಷ, ಬೆಸುಗೆಯೂ ಭದ್ರವಲ್ಲ. ಹೊಸ ರಾಡನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿದೆ. ಬೆಳಕು ಎಲ್ಲೂ ಇಣುಕಲಿಲ್ಲ, ನೇರವಾಗಿದೆ.

ಸೀಲ್ ಕೂರಿಸುವುದು ತಾಳ್ಮೆಯ ಕೆಲಸ. ಪಾಲಿಯುರಿಥೇನಿನ ಸೀಲ್ ತಣ್ಣಗಿದ್ದಾಗ ಮೊಂಡು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಮೆತ್ತಗಾಗುತ್ತದೆ. ಒರೆಸಿ, ಆಯಿಲ್ ಹಚ್ಚಿ, ಮೂತ್ರಪಿಂಡದ ಆಕಾರಕ್ಕೆ ಮಡಿಸಿ ಗ್ಲ್ಯಾಂಡಿನೊಳಗೆ ತೂರಿಸಿ ಬಿಟ್ಟರೆ ತಾನಾಗಿ ಕಾಲುವೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಸ್ಕ್ರೂ ಡ್ರೈವರನ್ನು ಹತ್ತಿರವೂ ತರಬೇಡಿ. ಒತ್ತಲೇಬೇಕಿದ್ದರೆ ಅಂಚು ದುಂಡಗೆ ಮಾಡಿದ ಬಿದಿರಿನ ಕಡ್ಡಿ. ರಾಡಿನ ಥ್ರೆಡ್ಡಿನ ಮೇಲೆ ಸೀಲ್ ದಾಟುವಾಗ ತುಟಿ ಹರಿಯಬಾರದು, ಅದಕ್ಕೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಥ್ರೆಡ್ಡಿಗೆ ಸುತ್ತಿ, ಅದರ ಮೇಲೂ ಆಯಿಲ್ ಹಚ್ಚಿ, ಗ್ಲ್ಯಾಂಡನ್ನು ತಿರುಗಿಸುತ್ತ ಜಾರಿಸಿದೆ. ಪಿಸ್ಟನ್ನಿನ ಲಾಕ್ ನಟ್ಟು ಮಾತ್ರ ಹೊಸದೇ. ಅದು ಒಳಗೆ ಸಡಿಲಾದರೆ ರಾಡ್ ಪಿಸ್ಟನ್ನಿನಿಂದ ಕಳಚಿ ಬರುತ್ತದೆ.

ತಾಮ್ರದ ವಾಷರಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ತಾಮ್ರ ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ, ಅದಕ್ಕೇ ಹಿಡಿಯುವುದಿಲ್ಲ. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಹಾಗಲ್ಲ, ತಾಮ್ರಕ್ಕೆ ನೀರಲ್ಲಿ ತಣಿಸಿದರೂ ಗಾಳಿಯಲ್ಲಿ ತಣಿಸಿದರೂ ಒಂದೇ. ಮೇಲಿನ ಕರಿ ತಿಕ್ಕಿ ತೆಗೆದು ಎರಡೂ ಮುಖ ಸಪಾಟಾಗಿವೆಯೇ ನೋಡಿ ಹಾಕಬೇಕು. ಗೀರು ಆಳವಾಗಿದ್ದರೆ ಮಾತ್ರ ಹೊಸದು. ಅಂದಹಾಗೆ, ಹೋಸಿನ ಕೋನಾಕಾರದ ತುದಿಗಳಿಗೆ ಟೆಫ್ಲಾನ್ ಟೇಪ್ ಸುತ್ತುವವರನ್ನು ನೋಡಿದ್ದೇನೆ. ಅಲ್ಲಿ ಆಯಿಲ್ ತಡೆಯುವುದು ಕೋನದ ಮುಖ, ಥ್ರೆಡ್ ಅಲ್ಲ. ಟೇಪಿನ ಚೂರು ಹರಿದು ಒಳಗೆ ಹೋಗಿ ವಾಲ್ವಿಗೆ ಸಿಕ್ಕಿಕೊಳ್ಳುವುದಷ್ಟೇ ಅದರ ಉಪಯೋಗ.

ಟ್ಯಾಂಕ್ ಬಿಚ್ಚಿ ತೊಳೆದೆ. ಫಿಲ್ಟರ್ ಕಪ್ಪಾಗಿ ಕಟ್ಟಿಕೊಂಡಿತ್ತು. ಇದನ್ನು ಯಾರೂ ಬದಲಿಸುವುದಿಲ್ಲ, ಏಕೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ. ವಾಪಸ್ ಬರುವ ಆಯಿಲಿಗೆ ದಾರಿ ಕಟ್ಟಿದರೆ ಹಿಂದಕ್ಕೆ ಒತ್ತಡ ಕಟ್ಟುತ್ತದೆ, ಆ ಒತ್ತಡ ದುರ್ಬಲವಾದ ಸೀಲನ್ನು ಹುಡುಕಿ ಹೊರಬರುತ್ತದೆ. ಮುಚ್ಚಳದಲ್ಲಿರುವ ಉಸಿರಾಟದ ತೂತು ಕಟ್ಟಿದರೂ ಹೀಗೇ ತೊಂದರೆ. ಒಂದು ಸೂಜಿ ಹಾಕಿ ಅದನ್ನು ಬಿಡಿಸಿದೆ.

ಯಾವ ಆಯಿಲ್ ಅನ್ನುವುದು ದೊಡ್ಡ ಜಗಳದ ವಿಷಯ. ಕೆಲವು ಗಾಡಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್), ಕೆಲವಕ್ಕೆ ಗೇರಿಗೂ ಹೈಡ್ರಾಲಿಕ್ಕಿಗೂ ಸೇರಿ ಬರುವ ಟ್ರ್ಯಾಕ್ಟರ್ ಆಯಿಲ್, ಕೆಲವು ಹಳೆಯವಕ್ಕೆ ಎಂಜಿನ್ ಆಯಿಲ್ಲೇ. ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಸರಿ. ಎಟಿಎಫ್ ಕೆಂಪಗಿರುತ್ತದೆ, ತೆಳು. ದಪ್ಪ ಆಯಿಲಿಗೆ ಮಾಡಿದ ಸವೆದ ಪಂಪಿಗೆ ಅದನ್ನು ಸುರಿದರೆ ಒತ್ತಡ ಬರುವುದಿಲ್ಲ. ಬ್ರೇಕ್ ಆಯಿಲ್ ಮಾತ್ರ ಯಾವತ್ತೂ ಬೇಡ. ಅದು ಖನಿಜ ಎಣ್ಣೆಯ ಜಾತಿಯದಲ್ಲ, ಸ್ಟೀರಿಂಗಿನ ರಬ್ಬರನ್ನೆಲ್ಲ ಉಬ್ಬಿಸಿ ಹಾಳು ಮಾಡುತ್ತದೆ. ಸೋರಿಕೆ ನಿಲ್ಲಿಸುವ ಬಾಟಲಿಗಳ ಕೆಲಸವೂ ಸುಮಾರಾಗಿ ಇದೇ: ರಬ್ಬರನ್ನು ಉಬ್ಬಿಸುವುದು. ಒಣಗಿ ಗಟ್ಟಿಯಾದ ಸೀಲಿಗೆ ತಾತ್ಕಾಲಿಕವಾಗಿ ಆದೀತು. ನನ್ನ ಗುಳಿಬಿದ್ದ ರಾಡಿನ ಮುಂದೆ ಅದೇನು ಮಾಡೀತು? ಉಬ್ಬಿದ ಸೀಲನ್ನು ರಾಡ್ ಇನ್ನೂ ಬೇಗ ತುರಿದು ಹಾಕುತ್ತಿತ್ತು.

ಎಲ್ಲ ಜೋಡಿಸಿ ಟ್ಯಾಂಕ್ ತುಂಬಿಸಿದೆ. ಮುಂದಿನ ಗಾಲಿಗಳು ಇನ್ನೂ ಗಾಳಿಯಲ್ಲೇ ಇದ್ದವು. ಎಂಜಿನ್ ಹಾಕದೆ ಚಕ್ರವನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸುತ್ತ ಹೋದರೆ ಟ್ಯಾಂಕಿನಲ್ಲಿ ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತದೆ. ಮತ್ತೆ ತುಂಬಿಸಬೇಕು. ಗುಳ್ಳೆ ಕಡಿಮೆಯಾದ ಮೇಲೆ ಎಂಜಿನ್ ಚಾಲೂ, ನಿಧಾನದ ಓಟದಲ್ಲೇ ಅದೇ ಕೆಲಸ. ಮೊದಲಿಗೆ ಪಂಪು ಗೊರಗೊರ ಅನ್ನುತ್ತದೆ, ಆಯಿಲ್ ನೊರೆನೊರೆಯಾಗಿ ಕಾಣುತ್ತದೆ. ಗಾಬರಿ ಬೇಡ, ಅದು ಗಾಳಿ. ನೊರೆ ಇದ್ದರೆ ಎಂಜಿನ್ ನಿಲ್ಲಿಸಿ, ಆಯಿಲ್ ತಿಳಿಯಾಗಲು ಬಿಟ್ಟು ಮತ್ತೆ ಶುರುಮಾಡಿ. ಕೊನೆಯಲ್ಲಿ ಚಕ್ರವನ್ನು ಒತ್ತಿ ಹಿಡಿದುಕೊಂಡೇ ಇರಬೇಡಿ. ಆಗ ಪಂಪಿನ ಆಯಿಲೆಲ್ಲ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ರಿಲೀಫ್ ವಾಲ್ವ್ ಮೂಲಕ ನುಗ್ಗುತ್ತದೆ, ನೋಡನೋಡುತ್ತಲೇ ಕುದಿಯುವಷ್ಟು ಬಿಸಿಯಾಗುತ್ತದೆ. ಗಾಲಿ ತಿರುಗುವ ಕೊನೆಯನ್ನು ತಡೆಯುವ ಆಕ್ಸಲ್ಲಿನ ಬೋಲ್ಟುಗಳನ್ನೂ ಇದೇ ಹೊತ್ತಿಗೆ ನೋಡಿ. ಪಿಸ್ಟನ್ ಸಿಲಿಂಡರಿನ ಮೂತಿಗೆ ಬಡಿಯುವ ಮುಂಚೆ ಬೋಲ್ಟೇ ತಡೆಯಬೇಕು. ನನ್ನದರಲ್ಲಿ ಒಂದು ಕಡೆಯ ಬೋಲ್ಟು ಪೂರ್ತಿ ಒಳಗೆ ಸರಿದಿತ್ತು, ಗ್ಲ್ಯಾಂಡು ಪ್ರತಿ ತಿರುವಿಗೂ ಏಟು ತಿನ್ನುತ್ತಿತ್ತು. ಹೊರಗೆ ತಿರುಗಿಸಿ ಲಾಕ್ ಮಾಡಿದೆ.

ಗಾಡಿ ಕೆಳಗಿಳಿಸಿ ಉಳುಮೆ ಮಾಡಿದ್ದಾಗಿದೆ, ಲೋಡು ಎಳೆದದ್ದಾಗಿದೆ. ರಾಡಿನ ಮೇಲೆ ಈಗ ಕಾಣುವುದು ಬೆರಳಿಗೆ ಹತ್ತಿಯೂ ಹತ್ತದಷ್ಟು ತೆಳು ಪೊರೆ. ಅದು ಇರಲೇಬೇಕು, ಪೂರ್ತಿ ಒಣಗಿದ ರಾಡ್ ಸೀಲಿಗೆ ಒಳ್ಳೆಯದಲ್ಲ. ಗಾಡಿ ನಿಲ್ಲಿಸುವಾಗ ರಾಡ್ ಒಳಗಿರುವ ಕಡೆಗೆ ಗಾಲಿ ತಿರುಗಿಸಿ ನಿಲ್ಲಿಸುವುದನ್ನು ತಮ್ಮನಿಗೂ ರೂಢಿ ಮಾಡಿಸಿದ್ದೇನೆ. ಗೊಣಗುತ್ತಾನೆ, ಮಾಡುತ್ತಾನೆ.

ಇಷ್ಟೆಲ್ಲ ಆದಮೇಲೆ ಸ್ಟೀರಿಂಗ್ ಕಂಬದ ಬುಡದಲ್ಲಿ, ಆರ್ಬಿಟ್ರಾಲಿನ ಮೇಲಿನ ಶಾಫ್ಟ್ ಸೀಲಿನ ಹತ್ತಿರ, ಸಣ್ಣಗೆ ಬೆವರು ಕಾಣಿಸಿದೆ. ಹನಿ ಇಲ್ಲ, ಬರೀ ಒದ್ದೆ. ಅದನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಆರ್ಬಿಟ್ರಾಲಿನೊಳಗೆ ಏಳು ಹಲ್ಲಿನ ಉಂಗುರದಲ್ಲಿ ಆರು ಹಲ್ಲಿನ ನಕ್ಷತ್ರ ಉರುಳುತ್ತಿರುತ್ತದೆ. ಬಿಚ್ಚಿ ಜೋಡಿಸುವಾಗ ಆ ನಕ್ಷತ್ರಕ್ಕೂ ಒಳಗಿನ ಶಾಫ್ಟಿನ ಪಿನ್ನಿಗೂ ಇರುವ ಹೊಂದಾಣಿಕೆ ಒಂದು ಹಲ್ಲು ತಪ್ಪಿದರೂ ಎಂಜಿನ್ ಹಾಕಿದ ಕೂಡಲೇ ಸ್ಟೀರಿಂಗ್ ಚಕ್ರ ಮೋಟರಿನ ಹಾಗೆ ತಾನೇ ತಿರುಗಲು ಶುರುಮಾಡಬಹುದು. ಕೈ ಅಡ್ಡ ಇದ್ದರೆ ಮುರಿಯುತ್ತದೆ. ಹಾಗಾಗಿ ಗುರುತು ಹಾಕಲು ಸಣ್ಣ ಪಂಚು, ಶುದ್ಧವಾದ ಮೇಜು, ಪೂರ್ತಿ ಒಂದು ದಿನದ ಬಿಡುವು ಇವೆಲ್ಲ ಒಟ್ಟಿಗೆ ಸಿಕ್ಕಾಗ ಮಾತ್ರ ಅದಕ್ಕೆ ಕೈ ಹಾಕುತ್ತೇನೆ. ಅಲ್ಲಿಯವರೆಗೆ ಕಂಬದ ಬುಡಕ್ಕೆ ಒಂದು ಬಟ್ಟೆ ಸುತ್ತಿದ್ದೇನೆ, ಕ್ಲಚ್ ಪೆಡಲ್ ಜಾರಬಾರದಲ್ಲ.